ಕೊತ್ತಂಬರಿ ಸೊಪ್ಪಿಗೆ ಏಳು ರೂಪಾಯಿ ಪೆಟ್ರೋಲ್

ಬೆಂಗಳೂರಿನಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 100 ರೂಪಾಯಿ ದಾಟಿದ್ದು 2021ರ ಜೂನ್‌ನಲ್ಲಿ. ಆ ತಿಂಗಳೇ ನಾನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಪುಸ್ತಕ ತೂಗುಹಾಕಿ, ಸ್ಕೂಟರ್ ಹೊರಟಾಗಲೆಲ್ಲ ಹೋದ ಕಾರಣವನ್ನೂ ಓಡಿದ ಕಿಲೋಮೀಟರನ್ನೂ ಅದರಲ್ಲಿ ಬರೆಯುವಂತೆ ಮಗನಿಗೂ ಸೊಸೆಗೂ ಹೇಳಿದೆ. ತಿಂಗಳ ಕೊನೆಗೆ ನೋಡಿದರೆ ಕಚೇರಿಯ ಓಡಾಟ ನಾವು ಎಣಿಸಿದಷ್ಟೇ ಇತ್ತು. ಬೆಳಿಗ್ಗೆ ಹಾಲಿಗೆ, ಹತ್ತು ಗಂಟೆಗೆ ಕೊತ್ತಂಬರಿ ಸೊಪ್ಪಿಗೆ, ಸಂಜೆ ಮರೆತ ಮಾತ್ರೆಗೆ ಎಂದು ಒಂದೇ ರಸ್ತೆಗೆ ಮೂರು ಸಲ ಹೋಗಿಬಂದ ದಿನಗಳೇ ಲೆಕ್ಕ ತಪ್ಪಿಸಿದ್ದವು. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ 102 ರೂಪಾಯಿ ದರದಲ್ಲಿ ಮೂರು ಕಿಲೋಮೀಟರಿಗೆ ಸುಮಾರು ಏಳು ರೂಪಾಯಿ ಬೀಳುತ್ತದೆ, ಅಂದರೆ ಹತ್ತು ರೂಪಾಯಿಯ ಸೊಪ್ಪು ಮನೆ ಸೇರುವಷ್ಟರಲ್ಲಿ ಹದಿನೇಳು ರೂಪಾಯಿಯದಾಗಿರುತ್ತದೆ. ತಣ್ಣಗಿರುವ ಎಂಜಿನ್ ಹೊರಟ ಹೊಸತರಲ್ಲಿ ಹೆಚ್ಚು ಪೆಟ್ರೋಲ್ ಕುಡಿಯುವುದರಿಂದ ನಿಜವಾದ ಖರ್ಚು ಇನ್ನೂ ತುಸು ಹೆಚ್ಚೇ.

ಆದ್ದರಿಂದ ಬೇಕಾದುದನ್ನೆಲ್ಲ ಚೀಟಿಯಲ್ಲಿ ಬರೆದಿಡಿ, ಕಚೇರಿಯಿಂದ ಮರಳುವವರು ದಾರಿಯಲ್ಲೇ ತರಲಿ. ಕೊತ್ತಂಬರಿಯ ಬೇರು ಕತ್ತರಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬಾಡದೆ ಉಳಿಯುತ್ತದೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ನನ್ನ ಸೊಸೆ ವಾರಕ್ಕೆ ಎರಡು ದಿನವಾದರೂ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ.

ವಾಹನದ ಆರೈಕೆಯಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಬ್ರೇಕಿನ ಬಗ್ಗೆ. ಒಮ್ಮೆ ಸರ್ವೀಸಿನಿಂದ ಬಂದ ಮೇಲೆ ನಮ್ಮ ಸ್ಕೂಟರಿನ ಮೈಲೇಜು 45ರಿಂದ 38ಕ್ಕೆ ಇಳಿದದ್ದು ಆ ಪುಸ್ತಕದಿಂದಲೇ ತಿಳಿಯಿತು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ಉಜ್ಜಿಕೊಂಡು ನಿಲ್ಲುತ್ತಿತ್ತು. ಬ್ರೇಕನ್ನು ಅತಿಯಾಗಿ ಬಿಗಿ ಮಾಡಿದ್ದರು. ಸರಿಯಾಗಿ ಸಡಿಲಿಸಿದ ಮೇಲೆ ಮೈಲೇಜು ಮರಳಿತು. ಮೈಲೇಜು ತಿಳಿಯಲು ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳಿ, ಮುಂದಿನ ಸಲ ಮತ್ತೆ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮೊದಲೇ ನೋಡಿಸಬೇಕು.

ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎಂಬ ಮಾತನ್ನು ನಂಬಿ ನಿದ್ದೆಗೆಡಬೇಡಿ. ಬಂಕಿನ ಟ್ಯಾಂಕು ನೆಲದಡಿ ಇರುವುದರಿಂದ ಅದರ ತಾಪ ಹೊತ್ತಿನಿಂದ ಹೊತ್ತಿಗೆ ಅಷ್ಟೇನೂ ಬದಲಾಗುವುದಿಲ್ಲ. ಅಳತೆಯ ಬಗ್ಗೆ ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸುವಂತೆ ಸಂಕೋಚವಿಲ್ಲದೆ ಕೇಳಿ. ಆ ಪಾತ್ರೆ ಬಂಕಿನಲ್ಲಿ ಇರಲೇಬೇಕು.