ಜೂನ್ ತಿಂಗಳಲ್ಲಿ ನಮ್ಮ ಕಪಾಟು ಯಾಕೆ ಅರ್ಧ ಖಾಲಿ

ಜೂನ್ ಮೊದಲ ವಾರ ನಮ್ಮ ಕೋಣೆಗೆ ಬರುವ ತಂದೆತಾಯಿಯರು ಬಾಗಿಲಲ್ಲೇ ನಿಂತು ಕೇಳುವುದು ಒಂದೇ ಪ್ರಶ್ನೆ: "ಸಾಮಾನು ಇನ್ನೂ ಬರಲಿಲ್ವಾ ಟೀಚರ್?" ಮಾಂಟೆಸ್ಸರಿ (ಮಕ್ಕಳು ಸಾಮಾನು ಮುಟ್ಟಿ, ತಾವೇ ಮಾಡಿ ಕಲಿಯುವ ಪದ್ಧತಿ) ಎಂದರೆ ಮಣಿಸರ, ಮರದ ನಕ್ಷೆ, ಬಣ್ಣದ ಪೆಟ್ಟಿಗೆ ಎಂದು ಫೋಟೋ ನೋಡಿ ಬಂದವರಿಗೆ ಅರ್ಧ ಖಾಲಿ ಕಪಾಟು ಕಂಡರೆ ನಿರಾಸೆ ಆಗದೆ ಇರುತ್ತದೆಯೇ? ಸಾಮಾನು ಎಲ್ಲ ಉಂಟು, ಉಗ್ರಾಣದಲ್ಲಿ ಉಂಟು. ಬೇಕೆಂದೇ ಹೊರಗೆ ಇಟ್ಟಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಶಾಲೆ. ನನ್ನ ಕೋಣೆಯಲ್ಲಿ ಆರರಿಂದ ಒಂಬತ್ತು ವರ್ಷದವರು ಒಟ್ಟಿಗೆ ಇರುತ್ತಾರೆ. ಹೊಸಬರಲ್ಲಿ ಕೆಲವರು ನಮ್ಮದೇ ಕಿರಿಯರ ವಿಭಾಗದಿಂದ ಬಂದವರು, ಕೆಲವರು ಅಂಗನವಾಡಿಯಿಂದ ನೇರ ಬಂದವರು. ಮೂರನೇ ವರ್ಷಕ್ಕೆ ಕಾಲಿಟ್ಟವರು ಕೋಣೆಯ ಹಿರಿಯರು. ಒಂದು ಸಾಮಾನನ್ನು ತೆಗೆದು, ಕೆಲಸ ಮಾಡಿ, ಇದ್ದ ಹಾಗೆ ತಿರುಗಿ ಇಡಲು ಬರುವವರು ಕೋಣೆಯಲ್ಲಿ ಒಬ್ಬರಾದರೂ ಇದ್ದು, ಅವರು ಅದನ್ನು ಇನ್ನೊಬ್ಬರಿಗೆ ತೋರಿಸಿಕೊಡಲು ಒಪ್ಪಿದರೆ ಮಾತ್ರ ಅದು ಕಪಾಟಿಗೆ ಬರುತ್ತದೆ. ಕಪಾಟು ತುಂಬಿಸುವುದು ಹೀಗೆ ಹಿರಿಯರ ಕೈಯಲ್ಲಿ. ಹೊಸಬರಿಗೆ ನಾನು ಹೇಳಿಕೊಡುವುದಕ್ಕಿಂತ ಎಂಟು ವರ್ಷದ ಹುಡುಗಿ ಹೇಳಿಕೊಟ್ಟದ್ದು ಬೇಗ ತಲೆಗೆ ಹೋಗುತ್ತದೆ, ಅವಳ ಕೆಲಸವೂ ಗಟ್ಟಿಯಾಗುತ್ತದೆ.

ಇನ್ನೊಂದು ಕಾರಣ ತೀರಾ ಲೌಕಿಕವಾದದ್ದು. ಇಲ್ಲಿನ ಮಳೆಗಾಲದ ತೇವಕ್ಕೆ ಮರದ ಸಾಮಾನು ಊದುತ್ತದೆ. ಭಾರತದ ನಕ್ಷೆಯ ತುಂಡುಗಳು ಮೇ ತಿಂಗಳಲ್ಲಿ ಸಲೀಸಾಗಿ ಕೂರುತ್ತವೆ, ಜೂನ್ ಕೊನೆಗೆ ಕೇರಳ ಮತ್ತು ಕರ್ನಾಟಕ ಒಂದರ ಪಕ್ಕ ಒಂದು ಸರಿಯಾಗಿ ಕೂರುವುದೇ ಇಲ್ಲ. 1956ರಲ್ಲಿ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಈ ಊರಿನವರಿಗೆ ಅದರಲ್ಲಿ ಹೊಸದೇನಿಲ್ಲ ಬಿಡಿ.

ಮೊದಲ ಪಾಠ ಕೊಡೆಯದ್ದು. ಒದ್ದೆ ಕೊಡೆಯನ್ನು ಪಕ್ಕದವರಿಗೆ ನೀರು ಹಾರದ ಹಾಗೆ ಮಡಚುವುದು ಹೇಗೆ, ಎಲ್ಲಿ ನಿಲ್ಲಿಸುವುದು, ನೆಲದಲ್ಲಿ ನೀರು ಕಂಡರೆ ಒರೆಸುವ ಬಟ್ಟೆ ಎಲ್ಲಿ ಉಂಟು. ನಾನು ಮಾತಾಡದೆ ನಿಧಾನವಾಗಿ ಮಾಡಿ ತೋರಿಸುತ್ತೇನೆ. ಹಿರಿಯರಿಗೆ ಇದೇ ಸಂಗತಿಯನ್ನು ನಾಟಕ ಮಾಡಿಸುತ್ತೇನೆ: ಒಬ್ಬ ತಪ್ಪಾಗಿ ಮಾಡಬೇಕು, ಉಳಿದವರು ಎಲ್ಲಿ ತಪ್ಪಿತು ಹೇಳಬೇಕು. ತಪ್ಪು ಮಾಡುವ ಪಾತ್ರಕ್ಕೆ ಪೈಪೋಟಿ ಜೋರು. ಈ ವಯಸ್ಸಿನವರಿಗೆ ನಯವಿನಯವನ್ನು ನಗುವಿನ ಮೂಲಕ ಕೊಟ್ಟರೇ ಒಳಗೆ ಇಳಿಯುವುದು. ಮಳೆ ಜೋರಾಗಿ ಹಂಚಿನ ಸದ್ದಿನಲ್ಲಿ ಮಾತು ಕೇಳದ ಹೊತ್ತಿಗೆ ಕ್ರಿಯಾಪದದ ಚೀಟಿಗಳನ್ನು ಕೊಡುತ್ತೇನೆ: ಬಗ್ಗು, ತೆವಳು, ಇಣುಕು, ನಟಿಸು. ಓದಿದವರು ಮಾಡಿ ತೋರಿಸಬೇಕು. ಯಾರಿಗೆ ಓದಲು ಬರುತ್ತದೆ, ಯಾರು ಪಕ್ಕದವರನ್ನು ನೋಡಿ ಮಾಡುತ್ತಾರೆ ಎಂದು ಪರೀಕ್ಷೆ ಇಡದೆಯೇ ತಿಳಿಯುತ್ತದೆ.

ವರ್ಷದ ಆರಂಭದಲ್ಲಿ ನನಗೆ ಅತಿ ಹೆಚ್ಚು ಉಪಕಾರ ಮಾಡುವ ಸಾಮಾನು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ: ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ಬುಡ ಸಮ ಇರುವುದಿಲ್ಲವಾದ್ದರಿಂದ ನಾಲ್ಕು ಕಲ್ಲು ಹಾಕಿ, ನೇರ ಗೋಡೆ ಶುರುವಾಗುವ ತನಕ ನೀರು ತುಂಬಿಸಿ, ಅಲ್ಲಿ ಸೊನ್ನೆ ಗೆರೆ ಎಳೆಯಬೇಕು. ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಅಂಗಳದಲ್ಲಿ ಮರ ಮತ್ತು ಮಾಡಿನ ನೀರು ಬೀಳದ ಜಾಗದಲ್ಲಿ ಇಡಬೇಕು. ಆ ಜಾಗ ಹುಡುಕುವುದೇ ಒಂದು ಬೆಳಗಿನ ಕೆಲಸ.

ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಹೆಚ್ಚಿನದ್ದು ಜೂನ್‌ನಿಂದ ಆಗಸ್ಟ್ ಒಳಗೆ. ಆದ್ದರಿಂದ ಅಳೆಯಲು ವಿಷಯಕ್ಕೆ ಬರಗಾಲ ಇಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದ್ದು. ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಎಂದು ಟಿವಿಯಲ್ಲಿ ಹೇಳುವುದು ಮಕ್ಕಳಿಗೆ ಬಾಯಿಪಾಠ. ಅದೇ ಬಣ್ಣದ ಟೇಪನ್ನು ಬಾಟಲಿಯ ಮೇಲೆ ಅಂಟಿಸಿದ್ದೇವೆ. ಕೆಂಪು ಟೇಪು ಬಾಟಲಿಯ ತೀರಾ ಮೇಲಕ್ಕೆ ಬರುತ್ತದೆ. ಆ ದಿನ ಹೇಗೂ ಕಲೆಕ್ಟರ್ ರಜೆ ಕೊಟ್ಟಿರುತ್ತಾರೆ, ಓದಲು ಯಾರೂ ಇರುವುದಿಲ್ಲ.

ಇಲಾಖೆಯವರು ಬೆಳಗ್ಗೆ 8.30ಕ್ಕೆ ಓದುತ್ತಾರೆ. ನಮ್ಮ ಮಕ್ಕಳು ಬಸ್ಸು ಇಳಿದು ಕಾಲು ತೊಳೆದು ಬರುವಾಗ ಹತ್ತು ಆಗುತ್ತದೆ. ಪೇಪರಿನ ಅಂಕೆಗೂ ನಮ್ಮ ಅಂಕೆಗೂ ತಾಳೆಯಾಗದೆ ಇದ್ದಾಗ "ಪೇಪರಿನವರದ್ದು ತಪ್ಪು" ಎಂದು ಒಬ್ಬ ತೀರ್ಪು ಕೊಟ್ಟ. ಹಾಗಾದರೆ ಅವರು ಎಲ್ಲಿ ಅಳೆದರು, ಯಾವಾಗ ಅಳೆದರು ಎಂದು ಹುಡುಕುವ ಕೆಲಸ ಅವನದ್ದೇ ಆಯಿತು. ಆರು ವರ್ಷದವರು ಅಂಕೆ ಓದಿ ಬರೆಯುತ್ತಾರೆ. ಏಳರವರು ಒಂದು, ಹತ್ತು, ನೂರು ಎಂದು ಬರೆದ ಸ್ಟಾಂಪ್ ಗೇಮ್‌ನ ಬಿಲ್ಲೆಗಳಲ್ಲಿ ವಾರದ ಮಳೆ ಕೂಡಿಸುತ್ತಾರೆ. ಹತ್ತು ಬಿಡಿ ಸೇರಿದರೆ ಒಂದು ಹತ್ತಕ್ಕೆ ಬದಲಿಸುವುದು ಯಾರಿಗೆ ಮರೆತಿದೆ ಎಂದು ನನಗೆ ಅಲ್ಲೇ ಕಾಣುತ್ತದೆ. ದೊಡ್ಡವರಿಗೆ ಮಾಡಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 60 ಚದರ ಮೀಟರಿನ ಮಾಡಿಗೆ 72 ಮಿಲಿಮೀಟರ್ ಬಿದ್ದರೆ 4,320 ಲೀಟರ್. ಹಂಚಿನ ಇಳಿಜಾರನ್ನು ಅಳೆಯಬಾರದು, ಮಾಡು ಮುಚ್ಚಿದ ನೆಲವನ್ನು ಅಳೆಯಬೇಕು. ಇದನ್ನು ನಾನು ಮೊದಲೇ ಹೇಳುವುದಿಲ್ಲ. ಟೇಪು ಹಿಡಿದು ಏಣಿ ಕೇಳಿದಾಗ ಹೇಳುತ್ತೇನೆ. ಚೌಕಗಳಲ್ಲಿ ಮಣಿ ಇಟ್ಟು ಲೆಕ್ಕ ಮಾಡುವ ಗುಣಾಕಾರದ ಚೆಕ್ಕರ್‌ಬೋರ್ಡ್ ಉಗ್ರಾಣದಿಂದ ಹೊರಗೆ ಬರುವುದು ಈ ಲೆಕ್ಕದ ನೆಪದಲ್ಲಿ.

ಪ್ರಾಥಮಿಕ ಹಂತದ ಮಾಂಟೆಸ್ಸರಿಯಲ್ಲಿ ವರ್ಷ ಆರಂಭವಾಗುವುದು ಮಹಾಕಥೆಗಳಿಂದ. ಐದು ಕಥೆಗಳು: ವಿಶ್ವ, ಜೀವ, ಮನುಷ್ಯ, ಅಕ್ಷರ, ಸಂಖ್ಯೆ. ಮಗುವಿಗೆ ಮೊದಲು ಇಡೀ ವಿಶ್ವವನ್ನು ಕೊಟ್ಟು, ಆಮೇಲೆ ಬಿಡಿ ಬಿಡಿ ಸಂಗತಿಗೆ ಇಳಿಯುವ ಈ ಕ್ರಮ ಹೆಚ್ಚಾಗಿ ಬೆಳೆದದ್ದು ನಮ್ಮ ದಕ್ಷಿಣದಲ್ಲೇ. ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ತರಬೇತಿ ಕೊಡಲು ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರ ಇಟಲಿಯವರಾದ ಅವರ ಓಡಾಟಕ್ಕೆ ತಡೆ ಹಾಕಿತು. 1942ರಿಂದ ಎರಡು ವರ್ಷ ಕೊಡೈಕನಾಲ್‌ನಲ್ಲಿ ಇದ್ದು ದೊಡ್ಡ ಮಕ್ಕಳ ಜೊತೆ ಮಾಡಿದ ಕೆಲಸ ಇದಕ್ಕೆ ರೂಪ ಕೊಟ್ಟಿತು. ಕಿಟಕಿಯ ಹೊರಗೆ ಕಂಡ ಗಿಡ, ಹುಳ, ಮಂಜು ಎಲ್ಲವೂ ಅಲ್ಲಿ ಪಾಠಕ್ಕೆ ಬಂದಿರಬೇಕು ಎಂದು ನನ್ನ ಊಹೆ. ನನಗೆ ಇಲ್ಲಿ ಮಳೆ ಬಂದ ಹಾಗೆ.

ಮೊದಲ ಕಥೆಯನ್ನು ಕರೆಂಟು ಹೋದ ದಿನ ಹೇಳುತ್ತೇನೆ. ಜೂನ್‌ನಲ್ಲಿ ಆ ದಿನಕ್ಕೆ ಹೆಚ್ಚು ಕಾಯಬೇಕಾಗಿಲ್ಲ. ಕತ್ತಲೆ ಕೋಣೆ, ಒಂದು ಮೇಣದ ಬತ್ತಿ. ಕಥೆಯ ನಡುವೆ ಪ್ರಯೋಗಗಳು ಬರುತ್ತವೆ. ಎತ್ತರದ ಗಾಜಿನ ಲೋಟಕ್ಕೆ ಮೊದಲು ಜೋನಿಬೆಲ್ಲ, ಅದರ ಮೇಲೆ ಚಮಚದ ಬೆನ್ನಿನಿಂದ ನಿಧಾನಕ್ಕೆ ನೀರು, ಕೊನೆಗೆ ತೆಂಗಿನೆಣ್ಣೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಭೂಮಿ ತಣಿಯುವಾಗ ಒಳಗೆ ಕಬ್ಬಿಣ, ಮೇಲೆ ಕಲ್ಲು, ಅದರ ಮೇಲೆ ನೀರು, ಗಾಳಿ ಹೇಗೆ ಪದರಪದರವಾಗಿ ನಿಂತವು ಎಂದು ತೋರಿಸಲು ಇಷ್ಟು ಸಾಕು. ಡಿಸೆಂಬರಿನ ಬೆಳಗ್ಗೆ ಇದನ್ನು ಮಾಡಲು ಹೋದರೆ ತೆಂಗಿನೆಣ್ಣೆ ಗಟ್ಟಿಯಾಗಿರಬಹುದು, ಜೂನ್‌ನಲ್ಲಿ ಆ ರಗಳೆ ಇಲ್ಲ. ಮರುದಿನ ಅದೇ ಪ್ರಯೋಗ ಹೆಜ್ಜೆಹೆಜ್ಜೆಯ ಚೀಟಿಯ ಜೊತೆ ಕಪಾಟಿಗೆ ಬರುತ್ತದೆ. ವರ್ಷದ ಮೊದಲ ಹೊಸ ಸಾಮಾನು ಅದು. ಬೆಲ್ಲಕ್ಕೆ ಇರುವೆ ಬರುತ್ತದೆ, ಅದಕ್ಕೂ ಒಬ್ಬರಿಗೆ ಜವಾಬ್ದಾರಿ.

"ಇದನ್ನೆಲ್ಲ ದೇವರು ಮಾಡಿದ್ದಾ ಟೀಚರ್?" ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕೋಣೆಯಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮನೆಗಳ ಮಕ್ಕಳು ಇದ್ದಾರೆ. ನಾನು ಹೇಳುವುದು ಇಷ್ಟೆ: ನಿಮ್ಮ ಅಜ್ಜಿಯವರಲ್ಲಿ ಕೇಳಿ, ಅವರು ಹೇಳಿದ ಕಥೆಯನ್ನು ನಾಳೆ ನಮಗೆ ಹೇಳಿ. ಕಲ್ಲು, ನೀರು ನೋಡಿ ವಿಜ್ಞಾನಿಗಳು ತಿಳಿದದ್ದು ನಾನು ಹೇಳಿದ ಕಥೆ. ಎರಡನ್ನೂ ಜಗಳಕ್ಕೆ ನಿಲ್ಲಿಸುವುದಿಲ್ಲ, ಕಲಸುವುದೂ ಇಲ್ಲ.

ಕಾಲ ಎಷ್ಟು ಉದ್ದ ಎಂದು ತೋರಿಸಲು ಮಾಂಟೆಸ್ಸರಿ ಶಾಲೆಗಳಲ್ಲಿ ಉದ್ದನೆಯ ಕಪ್ಪು ಬಟ್ಟೆ ಬಿಚ್ಚುತ್ತಾರೆ. ನಮ್ಮಲ್ಲಿ ಬಟ್ಟೆಗೆ ಬೂಸಲು ಬರುತ್ತದೆ, ನಾರಿನ ಹಗ್ಗ ಒದ್ದೆಯಾದರೆ ಗಿಡ್ಡವಾಗುತ್ತದೆ. ಹಾಗಾಗಿ ಬಾವಿಗೆ ಹಾಕುವ ನೈಲಾನ್ ಹಗ್ಗ. ಭೂಮಿಗೆ ವಯಸ್ಸು ಸುಮಾರು 460 ಕೋಟಿ ವರ್ಷ. ಒಂದು ಮೀಟರಿಗೆ ಹತ್ತು ಕೋಟಿಯಂತೆ 46 ಮೀಟರ್ ಹಗ್ಗ. ಮಳೆ ಹೊಳವಾದಾಗ ಪಕ್ಕದ ಅಡಿಕೆ ತೋಟದಲ್ಲಿ ಎಳೆಯುತ್ತೇವೆ. ಒಂಬತ್ತಡಿಗೆ ಒಂದು ಮರ ನೆಟ್ಟ ಸಾಲಿನಲ್ಲಿ ಅದು ಸುಮಾರು 17 ಅಂತರ ಬರುತ್ತದೆ. ಹಗ್ಗ ಸುತ್ತುತ್ತಾ ನಡೆಯುವಾಗ ಸುಮಾರು ಹನ್ನೊಂದು ಮೀಟರ್ ತನಕ ಜೀವದ ಸುಳಿವೇ ಇಲ್ಲ. ಡೈನೋಸಾರ್ ಎಲ್ಲಿ, ಡೈನೋಸಾರ್ ಎಲ್ಲಿ ಎಂದು ಚಡಪಡಿಸುವವರಿಗೆ ಕೊನೆಯ 66 ಸೆಂಟಿಮೀಟರಿನಲ್ಲಿ ಅವು ಅಳಿದದ್ದೂ ಆಗಿಹೋಗಿರುತ್ತದೆ. ನಮ್ಮ ಮನುಷ್ಯಜಾತಿಯ ಮೂರು ಲಕ್ಷ ವರ್ಷ ತುದಿಯ ಮೂರು ಮಿಲಿಮೀಟರ್. ಅಷ್ಟಕ್ಕೆ ಉಗುರುಬಣ್ಣ ಹಚ್ಚಿದ್ದೇವೆ. "ಹಾಗಾದ್ರೆ ಬೇಕಲ ಕೋಟೆ?" ಎಂದು ಒಬ್ಬಳು ಕೇಳಿದಳು. ಹದಿನೇಳನೇ ಶತಮಾನದ ಕೋಟೆ, ನಾನೂರು ವರ್ಷವೂ ಆಗಿಲ್ಲ. ಒಂದು ಮಿಲಿಮೀಟರನ್ನು 250 ಪಾಲು ಮಾಡಿದರೆ ಒಂದು ಪಾಲೂ ಪೂರ್ತಿ ಇಲ್ಲ. ಅವಳಿಗೆ ಅದು ಅನ್ಯಾಯ ಎನಿಸಿತು. ಕೋಟೆಗೆಂದೇ ಬೇರೆ ಹಗ್ಗ ಮಾಡಿದಳು, ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ. ಅದರಲ್ಲಿ ತನ್ನ ಅಜ್ಜನನ್ನೂ ಹಾಕಿದಳು.

ಕೋಟಿ, ಲಕ್ಷ ಬಾಯಿಗೆ ಬಂದ ಮೇಲೆ ಮರದ ಸ್ಥಾನಬೆಲೆ ಸಾಮಾನು ತೆಗೆಯುವುದು ಸುಲಭ. ಅರ್ಧ ಸೆಂಟಿಮೀಟರಿನ ಹಸಿರು ಘನದಿಂದ ಶುರುವಾಗಿ ಅರ್ಧ ಮೀಟರಿನ ಹಸಿರು ಘನಕ್ಕೆ ಮುಗಿಯುತ್ತದೆ. ದೊಡ್ಡದು ಹತ್ತು ಲಕ್ಷ. ಇದು ಪಾಶ್ಚಾತ್ಯ ಎಣಿಕೆಗೆ ಮಾಡಿದ ಸಾಮಾನು. ಮೂರು ಮೂರು ಸ್ಥಾನಕ್ಕೆ ಹಸಿರು, ನೀಲಿ, ಕೆಂಪು ಮರುಕಳಿಸುತ್ತವೆ. ನಾವು ಸಾವಿರದ ಮೇಲೆ ಎರಡೆರಡು ಸ್ಥಾನಕ್ಕೆ ಹೆಸರು ಬದಲಿಸುವವರು, ಹಾಗಾಗಿ ಲಕ್ಷ ಕೆಂಪಿನಲ್ಲಿ ಬಂದು ಹತ್ತು ಲಕ್ಷ ಮತ್ತೆ ಹಸಿರು. ಬಣ್ಣ ಬದಲಿಸಿ ಪೈಂಟ್ ಹೊಡೆಸಿ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಚುಕ್ಕಿ, ಗೆರೆ, ಚೌಕ, ಮತ್ತೆ ಘನ ಎಂಬ ಆಕಾರದ ಸರಣಿ ಅದರಲ್ಲಿ ಉಂಟು, ಅದನ್ನು ಕೆಡಿಸಬಾರದು. ಅಲ್ಪವಿರಾಮ ಎಲ್ಲಿ ಹಾಕುವುದೆಂದು ಚೀಟಿಯಲ್ಲಿ ಬೇರೆಯಾಗಿ ಕಲಿಸುತ್ತೇನೆ.

ಮಳೆಗಾಲದಲ್ಲಿ ಹೊರಸಂಚಾರ ಬೇಡ ಎನ್ನುವವರು ಜಾಸ್ತಿ. ಇಡೀ ತರಗತಿಯನ್ನು ಬಸ್ಸಿಗೆ ತುಂಬಿಸುವುದಾದರೆ ನಾನೂ ಬೇಡ ಎನ್ನುತ್ತೇನೆ. ನಮ್ಮದು ಮೂರು ನಾಲ್ಕು ಮಕ್ಕಳು, ಒಬ್ಬರು ದೊಡ್ಡವರು. "ನೀರು ಎಲ್ಲಿಗೆ ಹೋಗುತ್ತದೆ" ಎಂಬ ಪ್ರಶ್ನೆ ಹಿಡಿದವರು ಸುರಂಗ ನೋಡಲು ಹೊರಟರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಪಂಪಿಲ್ಲದೆ ನೀರು ತಾನೇ ಹರಿದು ಟ್ಯಾಂಕಿಗೆ ಬೀಳುವ ವ್ಯವಸ್ಥೆ ಈ ಕಡೆಯ ಎಷ್ಟೋ ತೋಟಗಳಲ್ಲಿ ಉಂಟು. ತೋಟದವರಿಗೆ ಫೋನು ಮಾಡಿದ್ದು ಮಕ್ಕಳೇ. ಏನು ಮಾತಾಡಬೇಕೆಂದು ಮೊದಲೇ ಬರೆದು, ಎರಡು ಸಲ ಓದಿ ನೋಡಿ, "ನಮಸ್ಕಾರ ಮಾವ, ನಾವು ಶಾಲೆಯಿಂದ" ಎಂದು ಶುರು. ಒಳಗೆ ಹೋಗಲು ಇಲ್ಲ, ಬಾಯಿಯ ಹತ್ತಿರ ನಿಂತು ನೋಡುವುದು ಮಾತ್ರ. ಮಳೆಗಾಲದಲ್ಲಿ ಮಣ್ಣು ಸಡಿಲ. ಟ್ಯಾಂಕಿಗೆ ಬೀಳುವ ನೀರಿನಲ್ಲಿ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಅಳೆದು ಬಂದರು. ಮಾರ್ಚಿನಲ್ಲಿ ಮತ್ತೆ ಹೋಗಿ ಅದೇ ಬಕೆಟಿನಲ್ಲಿ ಅಳೆಯುವುದೆಂದು ಅವರೇ ನಿಶ್ಚಯಿಸಿದ್ದಾರೆ.

ನೋಟುಪುಸ್ತಕ ಖಾಲಿ ಎಂಬ ದೂರು ಜುಲೈಯಲ್ಲಿ ಬರುತ್ತದೆ, ಓಣಂ ಪರೀಕ್ಷೆ ಹತ್ತಿರ ಆಗುವಾಗ ಜೋರಾಗುತ್ತದೆ. ಆ ತಂದೆತಾಯಿಯರಿಗೆ ನಾನು ಮಗುವಿನ ಕೆಲಸದ ಡೈರಿ ಕೊಡುತ್ತೇನೆ. ಎಷ್ಟು ಗಂಟೆಗೆ ಏನು ತೆಗೆದುಕೊಂಡೆ, ಯಾರ ಜೊತೆ, ಮುಗಿಯಿತಾ ಇಲ್ಲವಾ ಎಂದು ಮಗುವೇ ಬರೆದದ್ದು. ಬರೆಯಲು ಬಾರದವರದ್ದು ಚಿತ್ರ. ವಾರಕ್ಕೊಮ್ಮೆ ನಾನೂ ಮಗುವೂ ಕೂತು ಅದನ್ನು ಓದುತ್ತೇವೆ. ಗಣಿತವನ್ನೇ ಮುಟ್ಟದವರಿಗೆ, ಮುಂದಿನ ವಾರ ಯಾವ ದಿನ ಮುಟ್ಟುತ್ತೀ ಎಂದು ಕೇಳಿ ಅವರ ಕೈಯಲ್ಲೇ ಬರೆಸುತ್ತೇನೆ. ಮಳೆರಜೆ ಬಂದು ನಡುವೆ ನಾಲ್ಕು ದಿನ ತಪ್ಪಿದರೂ, ಹೆಸರಿನ ಚೀಟಿ ಇಟ್ಟು ಹೋದ ಅರ್ಧ ಕೆಲಸ ಚಾಪೆಯ ಮೇಲೆ ಹಾಗೇ ಇರುತ್ತದೆ, ಡೈರಿ ನೋಡಿ ಮುಂದುವರಿಸುತ್ತಾರೆ.

ಎರಡನೇ ಕಥೆ, ಜೀವದ ಕಥೆ, ಓಣಂ ರಜೆಗೆ ಮೊದಲು ಮುಗಿಸುತ್ತೇನೆ. ಆ ಹೊತ್ತಿಗೆ ವ್ಯಾಕರಣದ ಪೆಟ್ಟಿಗೆ, ಮಣಿಯ ಸರಪಳಿ ಎಲ್ಲ ಹೊರಗೆ ಬಂದಿರುತ್ತವೆ. ಭಾರತದ ನಕ್ಷೆ ಮಾತ್ರ ಅಕ್ಟೋಬರಿಗೇ, ಮರ ಒಣಗಿದ ಮೇಲೆ.