ಕಡಿಮೆ ಖರ್ಚಿನಲ್ಲಿ ಮೊದಲ ತಂಬೂರಿ

ಹುಬ್ಬಳ್ಳಿ-ಧಾರವಾಡದಲ್ಲಿ ಗಾಯನ ಕಲಿಯುವ ಅನೇಕರು ಮೊದಲ ಒಂದೆರಡು ವರ್ಷ ಮೊಬೈಲಿನ ತಂಬೂರಿಯೊಂದಿಗೇ ರಿಯಾಜ್ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಿಜವಾದ ತಂಬೂರಿ ಕೊಳ್ಳುವ ಹೊತ್ತಿಗೆ ನಿಮ್ಮ ಷಡ್ಜ, ಅಂದರೆ ಆಧಾರ ಸ್ವರವಾದ ‘ಸ’, ಹಾರ್ಮೋನಿಯಂನ ಯಾವ ಪಟ್ಟಿಯಲ್ಲಿ ನಿಲ್ಲುತ್ತದೆ ಎಂಬುದು ನಿಶ್ಚಯವಾಗಿರಬೇಕು, ಏಕೆಂದರೆ ವಾದ್ಯದ ಅಳತೆಯನ್ನು ಅದೇ ನಿರ್ಧರಿಸುತ್ತದೆ. ಕಾಳಿ 1ರ (ಮೊದಲ ಕಪ್ಪು ಪಟ್ಟಿಯ) ಆಸುಪಾಸಿನಲ್ಲಿ ಹಾಡುವವರಿಗೆ ಉದ್ದ ದಂಡಿಯ (ತಂತಿಗಳು ಹಾಯುವ ಮರದ ಕತ್ತಿನ), ದೊಡ್ಡ ಸೋರೆ ಬುರುಡೆಯ ‘ಗಂಡು’ ತಂಬೂರಿ ಬೇಕು. ಕಾಳಿ 4 ಅಥವಾ 5ರಲ್ಲಿ ಹಾಡುವವರಿಗೆ ಚಿಕ್ಕದಾದ ‘ಹೆಣ್ಣು’ ತಂಬೂರಿ ಸಾಕು. ಈ ಹೆಸರುಗಳನ್ನೇ ನಂಬಿ ಕೊಳ್ಳಬಾರದು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಡುದನಿಯಷ್ಟೇ ಗಂಭೀರವಾಗಿತ್ತಲ್ಲವೇ? ಅಳತೆ ಹೊಂದದ ವಾದ್ಯದಲ್ಲಿ ತಂತಿಯನ್ನು ಏರಿಸಿದರೆ ಹರಿಯುತ್ತದೆ, ಇಳಿಸಿದರೆ ನಾದವೇ ಸೊರಗುತ್ತದೆ.

ನಮ್ಮ ಭಾಗದವರಿಗೆ ತಂಬೂರಿಯ ತವರೆಂದರೆ ಮಹಾರಾಷ್ಟ್ರದ ಮಿರಜ. ಅಲ್ಲಿಯ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ದೊರೆತಿದೆ. ಹುಬ್ಬಳ್ಳಿಯಿಂದ ಬೆಳಗಾವಿ ಮಾರ್ಗವಾಗಿ ರೈಲಿನಲ್ಲಿ ಹೋಗಿ, ತಯಾರಕರ ಎದುರಿಗೇ ಕುಳಿತು ನುಡಿಸಿ ನೋಡಬಹುದು. ಹೊಸದನ್ನೇ ಕೊಳ್ಳುವುದಾದರೆ ಕೆತ್ತನೆ, ಬಿಳಿಯ ಕುಸುರಿ ಇಲ್ಲದ ಸಾದಾ ವಾದ್ಯವನ್ನು ಕೇಳಿರಿ. ಅಲಂಕಾರದಿಂದ ಬೆಲೆ ಏರುತ್ತದೆಯೇ ಹೊರತು ನಾದವಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಹಳೆಯ ತಂಬೂರಿಯೇ ಲೇಸೆಂಬುದು ನನ್ನ ಅಭಿಪ್ರಾಯ. ಹಾಡುವವರು ಇಲ್ಲದಂತಾದ ಮನೆಗಳಲ್ಲಿ ಗವಸು ಹೊದ್ದು ಮೂಲೆ ಸೇರಿದ ವಾದ್ಯಗಳಿರುತ್ತವೆ. ನಿಮ್ಮ ಗುರುಗಳ ಮೂಲಕ ವಿಚಾರಿಸಿದರೆ ಒಂದಲ್ಲ ಒಂದು ಸಿಕ್ಕೀತು. ಅದನ್ನು ಮೀಟಿದಾಗ ನಾದ ಮಂಕಾಗಿ ಕೇಳಿಸಿದರೆ ಕೂಡಲೇ ಬೇಡವೆನ್ನಬೇಡಿ. ಹಲವು ಸಲ ಕುದುರೆಯ, ಅಂದರೆ ಬುರುಡೆಯ ಮೇಲೆ ತಂತಿಗಳನ್ನು ಹೊರುವ ಪಟ್ಟೆಯ, ಮೇಲ್ಮೈಯಲ್ಲಿ ತಂತಿಗಳು ಗೀರು ಕೊರೆದು ಜವಾರಿ (ಝೇಂಕಾರ ಹುಟ್ಟಿಸುವ ಆ ಮೇಲ್ಮೈಯ ಹದ) ಕೆಟ್ಟಿರುತ್ತದೆ, ಅಷ್ಟೆ. ಬಲ್ಲ ಕುಶಲಿಯು ಕುದುರೆಯನ್ನು ಅರದಿಂದ ತಿದ್ದಿ, ಹೊಸ ತಂತಿ ಹಾಕಿ, ಪ್ರತಿ ತಂತಿಯ ಕೆಳಗೆ ಜೀವಾಳದ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕೂರಿಸಿದರೆ, ಮೀಟಿದ ಮೇಲೆ ಬಹಳ ಹೊತ್ತು ಉಳಿಯುವ ಆ ಝೇಂಕಾರ ಮರಳಿ ಬರುತ್ತದೆ.

ನಿಜವಾಗಿ ಹೆದರಬೇಕಾದದ್ದು ದಂಡಿಗೆ. ಕುದುರೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯುದ್ದಕ್ಕೂ ದೃಷ್ಟಿ ಹಾಯಿಸಿರಿ. ತಂತಿಯ ಎಳೆತಕ್ಕೆ ಅದು ಮುಂದಕ್ಕೆ ಬಾಗಿದ್ದರೆ, ಅಥವಾ ದಂಡಿಯೂ ಬುರುಡೆಯೂ ಕೂಡುವಲ್ಲಿ ಸಂದು ಬಿಟ್ಟಿದ್ದರೆ, ಪುಕ್ಕಟೆ ಕೊಟ್ಟರೂ ಆ ವಾದ್ಯ ದುಬಾರಿಯೇ. ಬುರುಡೆಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಬಂದಾಗ ಒಂದೆಡೆ ಒಡಕು ದನಿ ಬಂದರೆ, ಪಾಲಿಶಿನ ಕೆಳಗೆ ಬಿರುಕು ಅಡಗಿದೆಯೆಂದು ತಿಳಿಯಬೇಕು. ನಾಲ್ಕೂ ತಂತಿಗಳನ್ನು ಪ-ಸ-ಸ-ಸ ಎಂದು ಶ್ರುತಿ ಕೂಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮೀಟಿರಿ. ತಂತಿ ಬಿಗಿಸುವ ಬಿರಡೆ ಜಾರುತ್ತಿದ್ದರೆ ಸ್ವರ ಇಳಿದಿರುತ್ತದೆ. ಅದಕ್ಕೆ ಹೆಚ್ಚಾಗಿ ಸೀಮೆಸುಣ್ಣದ ಪುಡಿಯೇ ಸಾಕು.

ಕೊಂಡ ವಾದ್ಯವನ್ನು ತರುವಾಗ ತಂತಿಗಳನ್ನು ತುಸು ಸಡಿಲಿಸಿ, ಬುರುಡೆಗೆ ದಪ್ಪನೆಯ ಕೌದಿಯನ್ನು ಎರಡು ಸುತ್ತು ಸುತ್ತಿ, ಕೈಯಲ್ಲೇ ಹಿಡಿದು ತರಬೇಕು. ಬಸ್ಸಿನ ಡಿಕ್ಕಿಗೆ ಹಾಕಬಾರದು. ಧಾರವಾಡದ ಮಳೆಗಾಲದಲ್ಲಿ ಬಿರಡೆಗಳು ತೇವಕ್ಕೆ ಉಬ್ಬಿ ಬಿಗಿದುಕೊಳ್ಳುತ್ತವೆ. ಆಗ ಬಲವಂತವಾಗಿ ತಿರುಗಿಸದೆ, ತಂಬೂರಿಯನ್ನು ಹಸಿ ಗೋಡೆಯಿಂದ ದೂರ, ಗಾಳಿಯಾಡುವ ಒಣ ಜಾಗದಲ್ಲಿ ಇಡಿರಿ.