ಪೊರೆ ಆಪರೇಷನ್ ಆದ ಮೇಲೆ ಏನು ಕೇಳಬೇಕು? ಪ್ರಶ್ನಾವಳಿಯನ್ನು ಪರೀಕ್ಷಿಸುವ ಬಗೆ

ಮುಂಬೈಯ ಕನ್ನಡ ಸಂಘಗಳಿಗೆ ಕಣ್ಣಿನ ಶಿಬಿರ ಹೊಸತಲ್ಲ. ತಪಾಸಣೆ ಆಗುತ್ತದೆ, ಪೊರೆ ಬಂದವರಿಗೆ ಆಪರೇಷನ್ ಆಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಆಮೇಲೆ? ಗೋಡೆಯ ಚಾರ್ಟಿನಲ್ಲಿ 6/9ರ ಸಾಲು ಓದಿದರೆ ಡಾಕ್ಟರಿಗೆ ಸಮಾಧಾನ. ಅಜ್ಜಿಗೆ ಬೇಕಾದದ್ದು ಅಕ್ಕಿಯಲ್ಲಿನ ಕಲ್ಲು ಕಾಣುವುದು, ಚಾಳಿನ ಮೆಟ್ಟಿಲು ಹೆದರದೆ ಇಳಿಯುವುದು. ಅದನ್ನು ಅಳೆಯಲು ಅವರನ್ನೇ ಕೇಳಬೇಕು. ಹಾಗೆ ಕೇಳುವ ಪ್ರಶ್ನೆಗಳು ನಂಬುವಂಥವೇ ಎಂದು ಮೊದಲು ನೋಡಿಕೊಳ್ಳಬೇಕು.

ಹೊಸ ಪ್ರಶ್ನೆ ಬರೆಯಲು ಹೋಗಬೇಡಿ. ಅಮೆರಿಕದಲ್ಲಿ 1994ರಲ್ಲಿ ಬಂದ ವಿಎಫ್-14 ಎಂಬ ಪ್ರಶ್ನಾವಳಿ ಇದೆ. ಭಾರತದಲ್ಲೇ ತಯಾರಾದ, 33 ಪ್ರಶ್ನೆಗಳ ಇಂಡ್-ವಿಎಫ್‌ಕ್ಯೂ ಇದೆ. ಸ್ವೀಡನ್ನಿನ ಕ್ಯಾಟ್‌ಕ್ವೆಸ್ಟ್‌ನ ಚಿಕ್ಕ ರೂಪ 2009ರದ್ದು, ಅದರಲ್ಲಿ ಒಂಬತ್ತೇ ಪ್ರಶ್ನೆ. ಶಿಬಿರಕ್ಕೆ ನನ್ನ ಆಯ್ಕೆ ಇದೇ. 33 ಪ್ರಶ್ನೆ ಮುಗಿಯುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ! ಯಾವುದನ್ನು ಆರಿಸಿದರೂ ತಯಾರಿಸಿದವರ ಅನುಮತಿ ಪಡೆಯಿರಿ. ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಬೇಕು.

ಮುಂದೆ ಅನುವಾದ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ. ಎರಡನ್ನೂ ಸೇರಿಸಿ ಒಂದು ಮಾಡಿ. ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಎಲ್ಲಿ ತಪ್ಪಿದೆ ಎಂದು ಆಗ ತಿಳಿಯುತ್ತದೆ.

ನಿಜವಾದ ಕೆಲಸ ಇಲ್ಲಿಂದ ಶುರು. ಪೊರೆ ಇರುವ ಹತ್ತು ಜನರ ಹತ್ತಿರ ಒಬ್ಬೊಬ್ಬರಾಗಿ ಕುಳಿತು, 'ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ನೆನಪಾಯಿತು?' ಎಂದು ವಿಚಾರಿಸಿ. ಪೇಪರ್ ಓದುವುದು, ಎದುರಾದವರ ಮುಖ ಗುರುತಿಸುವುದು, ಅಂಗಡಿಯಲ್ಲಿ ಬೆಲೆ ನೋಡುವುದು, ಟಿವಿಯಲ್ಲಿನ ಬರಹ ಓದುವುದು, ಇವು ಸುಲಭವಾಗಿ ದಾಟುತ್ತವೆ. ಸಮತಟ್ಟಲ್ಲದ ನೆಲದ ಮೇಲೆ ನಡೆಯುವ ಪ್ರಶ್ನೆಗೆ ಇಲ್ಲಿನವರಿಗೆ ನೆನಪಾಗುವುದು ಕಿತ್ತುಹೋದ ಫುಟ್‌ಪಾತ್. ಅದು ಸರಿಯೇ. ಆದರೆ ಲೋಕಲ್ ಹತ್ತುವಾಗಿನ ನೂಕುನುಗ್ಗಲಿನ ಭಯ ಹೇಳಿಕೊಂಡರೆ ಅದು ಕಣ್ಣಿನ ಕಷ್ಟವಲ್ಲ, ಪ್ರಶ್ನೆಯನ್ನು ಬಿಗಿ ಮಾಡಬೇಕು. ನಿಮಗೆ ಇಷ್ಟವಾದ ಹವ್ಯಾಸಕ್ಕೆ ಕಣ್ಣು ಸಾಲುತ್ತದೆಯೇ ಎಂಬ ಪ್ರಶ್ನೆಯೂ ಇದೆ. ನಲವತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲೇ ಕಳೆದವರು 'ಹವ್ಯಾಸವಾ?' ಎಂದು ನಕ್ಕರೆ ಆಶ್ಚರ್ಯವಿಲ್ಲ. ಇಸ್ಪೀಟು, ಭಜನೆ ಪುಸ್ತಕ ಎಂದು ಒಂದೆರಡು ಉದಾಹರಣೆ ಸೇರಿಸಬಹುದು. ಬದಲಿಸಿದ್ದನ್ನೆಲ್ಲ ಬರೆದಿಡಿ.

ಓದಲು ಬಾರದವರ ವಿಷಯದಲ್ಲಿ ಎಚ್ಚರ. ಅವರಿಗೆ ಪೇಪರ್ ಓದಲು 'ತುಂಬಾ ಕಷ್ಟ' ಎಂದು ಗುರುತು ಹಾಕಿದರೆ ಲೆಕ್ಕವೇ ಕೆಟ್ಟುಹೋಗುತ್ತದೆ. 'ಹೇಳಲಾಗದು' ಎಂಬ ಉತ್ತರ ಇರುವುದೇ ಇಂಥದ್ದಕ್ಕೆ.

ಕೇಳುವವರು ಯಾರು? ಆಪರೇಷನ್ ಮಾಡಿದ ಡಾಕ್ಟರಂತೂ ಅಲ್ಲ. ಅವರೆದುರು ನಮ್ಮವರು 'ಚೆನ್ನಾಗಿದೆ ಡಾಕ್ಟ್ರೇ' ಅಂತಲೇ ಹೇಳುತ್ತಾರೆ, ಅಲ್ವಾ? ಜೊತೆಗೆ ಬಂದ ಮಗ ಅಪ್ಪನ ಪರವಾಗಿ ಉತ್ತರಿಸದಂತೆಯೂ ನೋಡಿಕೊಳ್ಳಿ.

ಈಗ ಅಂಕಿಗಳು. ಪ್ರಶ್ನೆಗೆ ಹತ್ತು ಜನ ಎಂಬ ರೂಢಿಯ ಲೆಕ್ಕ ಹಿಡಿದರೆ ಕ್ಯಾಟ್‌ಕ್ವೆಸ್ಟ್‌ನ ಒಂಬತ್ತು ಪ್ರಶ್ನೆಗೆ 90 ಜನ. 100 ಇದ್ದರೆ ನಿರಾಳ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ 0.7ಕ್ಕಿಂತ ಜಾಸ್ತಿ ಇರಬೇಕು. 0.95 ದಾಟಿದರೆ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಕೇಳುತ್ತಿದ್ದೀರಿ ಎಂದರ್ಥ.

ಸುಮ್ನೆ ಅಂಕ ಕೂಡಿಸಿ ಬಿಡಬೇಡಿ. 'ತುಂಬಾ ಕಷ್ಟ'ದಿಂದ 'ಸ್ವಲ್ಪ ಕಷ್ಟ'ಕ್ಕೆ ಬರುವ ದೂರ, 'ಸ್ವಲ್ಪ'ದಿಂದ 'ಏನೂ ಇಲ್ಲ'ಕ್ಕೆ ಬರುವ ದೂರ ಒಂದೇ ಅಲ್ಲ. ಇದನ್ನು ಸರಿಪಡಿಸುವುದು ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ ಕೊಟ್ಟ ವಿಧಾನ. ಪ್ರತಿ ಪ್ರಶ್ನೆಯ ಉತ್ತರಗಳು ಈ ವಿಧಾನದ ನಿರೀಕ್ಷೆಗೆ ಎಷ್ಟು ಹೊಂದುತ್ತವೆ ಎಂಬ ಅಂಕಿ 0.7ರಿಂದ 1.3ರೊಳಗೆ ಇದೆಯೇ, ಹೆಚ್ಚು ಕಷ್ಟ ಇರುವವರನ್ನು ಕಡಿಮೆ ಕಷ್ಟ ಇರುವವರಿಂದ ಬೇರೆ ಮಾಡುವ ಶಕ್ತಿ 2ಕ್ಕಿಂತ ಮೇಲಿದೆಯೇ ಎಂದು ನೋಡಿ. ಇದಕ್ಕೆ ಸಂಖ್ಯಾಶಾಸ್ತ್ರ ಬಲ್ಲವರ ನೆರವು ಬೇಕೇ ಬೇಕು.

ಕೆಲವರಿಗೆ ಆಪರೇಷನ್‌ಗೆ ಮೊದಲೇ, ಎರಡು ವಾರದ ಅಂತರದಲ್ಲಿ, ಎರಡು ಸಲ ಕೇಳಿ. ಕಣ್ಣು ಬದಲಾಗಿರುವುದಿಲ್ಲ, ಅಂಕವೂ ಹೆಚ್ಚೇನೂ ಬದಲಾಗಬಾರದು. ಆಪರೇಷನ್ ಆದ ಮೂರು ತಿಂಗಳಿಗೆ, ಹೊಸ ಕನ್ನಡಕ ಬಂದ ಮೇಲೆ, ಎಲ್ಲರಿಗೂ ಮತ್ತೆ ಕೇಳಿ. ಆಗ ಅಂಕ ಸುಧಾರಿಸಬೇಕು. ಸುಧಾರಿಸದವರಲ್ಲಿ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿದೆಯೇ, ಗ್ಲಾಕೋಮಾ ಇದೆಯೇ ಎಂದು ನೋಡದೆ ಪ್ರಶ್ನಾವಳಿಯನ್ನು ಬೈಯಬೇಡಿ. ಈ ನಡುವೆ ಇನ್ನೊಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡವರ ಹಾಳೆಯ ಮೇಲೆ ಹಾಗೆಂದು ಬರೆದಿಡಿ. ಅವರ ಲೆಕ್ಕ ಬೇರೆಯೇ ಹಾಕಬೇಕು.